ಸ್ಪಿಟ್‌ಫೈರ್ ಕಿಟ್: ಯಾವ ಕಷ್ಟ ಬೇಕು, ಯಾವುದು ಬೇಡ

ವಿಮಾನದ ಮಾದರಿ ಕಿಟ್‌ಗಳ ಮಾತು ಬಂದಾಗ ತಾಳ್ಮೆ ಕಲಿಸುವ ಹವ್ಯಾಸ ಎಂದು ಕೆಲವರು ಹೊಗಳುತ್ತಾರೆ, ದುಡ್ಡು ಕೊಟ್ಟು ತಲೆನೋವು ತಂದುಕೊಳ್ಳುವ ಕೆಲಸ ಎಂದು ಇನ್ನು ಕೆಲವರು ಮೂಗು ಮುರಿಯುತ್ತಾರೆ. ಈ ಕೆಲಸದಲ್ಲಿ ಎದುರಾಗುವ ಕಷ್ಟಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನು ಇಬ್ಬರೂ ಗಮನಿಸುವುದಿಲ್ಲ. ಕೆಲವು ಕಷ್ಟಗಳು ವಿಮಾನದಿಂದಲೇ ಬರುತ್ತವೆ, ಅವುಗಳಿಂದ ಕಲಿಯುವುದಿದೆ. ಉಳಿದವು ತಯಾರಕರ ಅಸಡ್ಡೆಯಿಂದ ಹುಟ್ಟಿದವು. ಅವನ್ನು ತಾಳ್ಮೆಯ ಹೆಸರಿನಲ್ಲಿ ಸಹಿಸಿಕೊಳ್ಳಬೇಕಾಗಿಲ್ಲ.

ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಸ್ಪಿಟ್‌ಫೈರ್ ಅನ್ನೇ ತೆಗೆದುಕೊಳ್ಳೋಣ. ಆರ್. ಜೆ. ಮಿಚೆಲ್ ವಿನ್ಯಾಸದ ಈ ಯುದ್ಧವಿಮಾನ ಮೊದಲ ಸಲ ಹಾರಿದ್ದು 1936ರ ಮಾರ್ಚ್ 5ರಂದು. ಏರ್‌ಫಿಕ್ಸ್ ಅದರ ಮೊದಲ ಕಿಟ್ ತಂದದ್ದು 1953ರಲ್ಲಿ. ಆಮೇಲೆ ಹಲವು ಸಲ ಹೊಸ ಅಚ್ಚುಗಳು ಬಂದಿವೆ. ಅಳತೆ 1:72, ಎಂದರೆ ನಿಜ ವಿಮಾನದ ಆರು ಅಡಿಗೆ ಇಲ್ಲಿ ಒಂದು ಇಂಚು. ಸುಮಾರು 11.2 ಮೀಟರ್ ಅಗಲದ ರೆಕ್ಕೆ ಈ ಲೆಕ್ಕದಲ್ಲಿ 15.6 ಸೆಂಟಿಮೀಟರ್ ಆಗುತ್ತದೆ. ಹೊಸಬರಿಗಾಗಿ ಅಂಟು, ಬ್ರಷ್, ಪುಟ್ಟ ಡಬ್ಬಿಗಳಲ್ಲಿ ಬಣ್ಣ ಎಲ್ಲವನ್ನೂ ಸೇರಿಸಿ ಕೊಡುವ ಪೆಟ್ಟಿಗೆಯೂ ಇದೆ.

ಈಗಿನ ಅಚ್ಚಿನ ಮಾರ್ಕ್ 1 ಕಿಟ್‌ನ ದೊಡ್ಡ ಗುಣವೆಂದರೆ, ಅದು ನಮ್ಮಿಂದ ವಿಮಾನವನ್ನು ಸರಿಯಾಗಿ ನೋಡಿಸುತ್ತದೆ. ರೆಕ್ಕೆಯ ಅಡಿಭಾಗಕ್ಕೆ ಅಂಟಿಸಬೇಕಾದ ಎರಡು ತುಣುಕುಗಳು ಒಂದೇ ತರಹ ಇಲ್ಲ. ಬಲ ರೆಕ್ಕೆಯ ಕೆಳಗೆ ಎಂಜಿನ್ ತಣಿಸುವ ರೇಡಿಯೇಟರಿನ ಅಗಲವಾದ ಪೆಟ್ಟಿಗೆ, ಎಡಗಡೆ ಎಣ್ಣೆ ತಣಿಸುವ ಸಣ್ಣ ಕೊಳವೆ. ಮೇಲಿನಿಂದ ತೆಗೆದ ಫೋಟೊಗಳನ್ನು ಎಷ್ಟೇ ನೋಡಿದ್ದರೂ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ತುಣುಕನ್ನು ಬೆರಳಲ್ಲಿ ಹಿಡಿದು ಅದರ ಜಾಗ ಹುಡುಕುವಾಗ ತಾನಾಗಿ ಗೊತ್ತಾಗುತ್ತದೆ.

ಚಕ್ರದ ಕಾಲುಗಳ ವಿಷಯವೂ ಹೀಗೆಯೇ. ಅವು ವಿಮಾನದ ಮೈಗೆ ಹತ್ತಿರವಾಗಿ ನಿಂತು ಹೊರಮುಖವಾಗಿ ಮಡಚಿಕೊಳ್ಳುತ್ತವೆ. ಪುಟ್ಟ ರಂಧ್ರದಲ್ಲಿ ಕಾಲು ಕೂರಿಸಿ, ಅಂಟು ಬಿಗಿಯುವಷ್ಟರಲ್ಲಿ ಎರಡೂ ಕಡೆಯ ಓರೆಯನ್ನು ಸಮ ಮಾಡಬೇಕು. ಕೂದಲೆಳೆಯಷ್ಟು ತಪ್ಪಿದರೂ ವಿಮಾನ ಒಂದು ಕಡೆಗೆ ವಾಲುತ್ತದೆ. ಇಷ್ಟು ಇಕ್ಕಟ್ಟಾದ ಕಾಲುಗಳ ಮೇಲೆ ನಿಜವಾದ ಸ್ಪಿಟ್‌ಫೈರ್ ಅನ್ನು ನೆಲದ ಮೇಲೆ ಓಡಿಸುವಾಗ ಪೈಲಟ್ ಯಾಕೆ ಮೈಯೆಲ್ಲ ಕಣ್ಣಾಗಿರಬೇಕಿತ್ತು ಎಂಬುದು ಆಗ ಅರ್ಥವಾಗುತ್ತದೆ. ಇಂಥ ಕಷ್ಟವನ್ನು ನಾನು ದೋಷವೆಂದು ಎಣಿಸಲಾರೆ.

ದೋಷ ಇರುವುದು ಬೇರೆಡೆ. ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವನ್ನು ಫೆವಿಕ್ವಿಕ್ ತರಹದ ಅಂಟಿನಿಂದ ಕೂರಿಸಿದರೆ ಅದರ ಆವಿಗೆ ಪ್ಲಾಸ್ಟಿಕ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟು ಹಚ್ಚಿದರೆ ಈ ತೊಂದರೆಯಿಲ್ಲ. ಡೆಕಾಲ್‌ಗಳದ್ದು ಇನ್ನೊಂದು ಗೋಳು. ನೀರಿನಲ್ಲಿ ನೆನೆಸಿ ಜಾರಿಸುವ ಈ ತೆಳು ಪೊರೆಯನ್ನು ಹೊಳಪಿಲ್ಲದ ಬಣ್ಣದ ಮೇಲೆ ನೇರವಾಗಿ ಕೂರಿಸಿದರೆ, ಬಣ್ಣದ ಸೂಕ್ಷ್ಮ ತರಿಗಳ ನಡುವೆ ಗಾಳಿ ಸಿಕ್ಕಿಕೊಂಡು ಅಂಚು ಬೆಳ್ಳಿಯಂತೆ ಮಿನುಗುತ್ತದೆ. ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್, ಕೊನೆಗೆ ಹೊಳಪು ತೆಗೆಯುವ ಇನ್ನೊಂದು ಲೇಪ: ಇದು ಸರಿಯಾದ ಕ್ರಮ. ಕಿಟ್‌ಗಳ ಸೂಚನಾ ಹಾಳೆಗಳಲ್ಲಿ ಯಾವ ತುಣುಕು ಎಲ್ಲಿಗೆ ಎಂಬ ಚಿತ್ರಗಳಿರುತ್ತವೆಯೇ ಹೊರತು ಇಂಥ ಮಾತುಗಳು ಸಾಮಾನ್ಯವಾಗಿ ಇರುವುದಿಲ್ಲ. ನಾಲ್ಕು ಸಾಲಿನಲ್ಲಿ ಹೇಳಬಹುದಾದದ್ದನ್ನು ಹೇಳದೆ ಬಿಟ್ಟು ಹೊಸಬರ ವಾರಗಟ್ಟಲೆಯ ಕೆಲಸ ಕೆಡಿಸುವುದು ತಯಾರಕರ ತಪ್ಪು.

ಇದಕ್ಕಿಂತ ಗಂಭೀರವಾದದ್ದು ಹಳೆಯ ಅಚ್ಚಿನ ಸಮಸ್ಯೆ. ಅಚ್ಚು ಸವೆದಂತೆ ತುಣುಕುಗಳ ಅಂಚಿನಲ್ಲಿ ಬೇಡದ ಪ್ಲಾಸ್ಟಿಕ್ ಪೊರೆ ಸೇರುತ್ತದೆ, ರೆಕ್ಕೆಯ ಬುಡದಲ್ಲಿ ಸಂದು ಉಳಿಯುತ್ತದೆ. ಸಂದಿಗೆ ಪುಟ್ಟಿ ತುಂಬಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಪಕ್ಕದ ರೇಖೆಗಳೆಲ್ಲ ಅಳಿಸಿಹೋಗುತ್ತವೆ. ಈ ಶ್ರಮದಿಂದ ವಿಮಾನದ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಹೊಸ ಚಿತ್ರದ ಪೆಟ್ಟಿಗೆಯಲ್ಲಿ ಹಳೆಯ ಅಚ್ಚಿನ ಮಾಲು ತುಂಬಿ ಮಾರುವ ಚಾಳಿ ಈ ಉದ್ಯಮಕ್ಕೆ ಮೊದಲಿನಿಂದ ಅಂಟಿಕೊಂಡಿದೆ. ಏರ್‌ಫಿಕ್ಸ್ ಈಗ ಹಳೆಯ ಅಚ್ಚುಗಳನ್ನು ‘ವಿಂಟೇಜ್ ಕ್ಲಾಸಿಕ್ಸ್’ ಎಂಬ ಪ್ರತ್ಯೇಕ ಹೆಸರಿನಲ್ಲಿ ಮಾರುತ್ತಿರುವುದು ಪ್ರಾಮಾಣಿಕ ನಡೆ. ಎಲ್ಲರೂ ಅದನ್ನು ಅನುಸರಿಸಬೇಕು.

ಜಪಾನಿನ ಶಿಜುವೋಕಾದ ತಮಿಯಾ ಕಂಪನಿಯ ಕಿಟ್‌ಗಳಲ್ಲಿ ತುಣುಕುಗಳು ಹದವಾಗಿ ಕೂರುತ್ತವೆ, ಪುಟ್ಟಿಯ ಅಗತ್ಯವೇ ಕಡಿಮೆ. ಇಷ್ಟು ಸಲೀಸಾದರೆ ಕಟ್ಟುವ ಸುಖವೇ ಇರುವುದಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸಂದು ಮುಚ್ಚುವುದರಲ್ಲಿ ಉಳಿದ ಹೊತ್ತನ್ನು ಬಣ್ಣಕ್ಕೆ, ಎಂಜಿನ್ ಹೊಗೆಯ ಕಲೆಗೆ, ಕಾಕ್‌ಪಿಟ್ಟಿನ ಒಳಗಿನ ಕೆಲಸಕ್ಕೆ ಕೊಡಬಹುದು. ಕೌಶಲ ಬೆಳೆಯುವುದು ಅಲ್ಲಿ.

ಇನ್ನೊಂದು ಕೊರತೆ ನಮಗೆ ಹತ್ತಿರದ್ದು. ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿದ, 1965ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್ ಒಂದೇ ಸೀಟಿನ ವಿಮಾನ. ಏರ್‌ಫಿಕ್ಸ್‌ನ ನ್ಯಾಟ್ ಪೆಟ್ಟಿಗೆಯಲ್ಲಿರುವುದು ಬ್ರಿಟನ್ನಿನ ರೆಡ್ ಆರೋಸ್ ತಂಡ ಹಾರಿಸುತ್ತಿದ್ದ ಎರಡು ಸೀಟಿನ ತರಬೇತಿ ವಿಮಾನ. ಭಾರತದ ಗುರುತು ಅಂಟಿಸಿದ ಮಾತ್ರಕ್ಕೆ ಅದು ನಮ್ಮ ನ್ಯಾಟ್ ಆಗುವುದಿಲ್ಲ. ಕಿಟ್‌ಗಳ ಲೋಕ ಬಹುಮಟ್ಟಿಗೆ ಬ್ರಿಟನ್, ಅಮೆರಿಕ, ಜರ್ಮನಿ, ಜಪಾನ್‌ಗಳ ನೆನಪುಗಳಿಂದ ತುಂಬಿದೆ. ನಮ್ಮ ಕಾರ್ಖಾನೆಗಳಿಂದ ಹೊರಬಂದ ವಿಮಾನಗಳಿಗೆ ಅಲ್ಲಿ ಜಾಗ ತೀರ ಕಡಿಮೆ.

ಇಷ್ಟೆಲ್ಲ ಕುಂದುಗಳಿದ್ದರೂ ಈ ಹವ್ಯಾಸವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಕಪಾಟಿನಲ್ಲಿಡುವ ವಿಮಾನಕ್ಕಿಂತ, ಒಂದು ಯಂತ್ರ ಯಾಕೆ ಹಾಗೇ ಇದೆ ಎಂದು ತುಣುಕು ತುಣುಕಾಗಿ ತಿಳಿಯುವುದೇ ಇದರ ನಿಜವಾದ ಲಾಭ. ಆ ಲಾಭ ಸಿಗಬೇಕಾದರೆ ಮೊದಲ ಕಿಟ್ ಚೆನ್ನಾಗಿರಬೇಕು. ಮಕ್ಕಳಿಗೆ ಕೊಡಿಸುವವರು ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮರುಳಾಗಬೇಡಿ. ಒಳಗಿನ ಅಚ್ಚು ಯಾವ ವರ್ಷದ್ದು ಎಂದು ವಿಚಾರಿಸಿಯೇ ಕೊಳ್ಳಿ.