ವಿಶ್ವವಿದ್ಯಾನಿಲಯದ ದೀರ್ಘಕಾಲಿಕ ವಿದ್ಯಾಯೋಜನೆ: ಮೈಸೂರಿನ ನಿದರ್ಶನದ ವಿಮರ್ಶೆ

ವಿಶ್ವವಿದ್ಯಾನಿಲಯವೊಂದರ ದೀರ್ಘಕಾಲಿಕ ವಿದ್ಯಾಯೋಜನೆಯನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಅದರ ಕಟ್ಟಡಗಳನ್ನೂ ವಿಭಾಗಗಳನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಲೆಕ್ಕಮಾಡಿ ತೃಪ್ತರಾಗುವರು. ಇವೆಲ್ಲವೂ ಅವಶ್ಯಕವಾದುವೇ. ಆದರೆ ಯೋಜನೆಯನ್ನು ರಚಿಸಿದವರು ನಿವೃತ್ತರಾದ ಮೇಲೆಯೂ ಕೆಲಸವನ್ನು ಹೊತ್ತು ನಡೆಯಿಸಬಲ್ಲ ವಿದ್ವತ್ಪರಂಪರೆಯೊಂದನ್ನು ಅದು ಸಿದ್ಧಗೊಳಿಸಿತೆ, ಇಲ್ಲವೆ ಎಂಬ ಪ್ರಶ್ನೆ ಇವುಗಳಿಗಿಂತ ಮುಖ್ಯವಾದುದು. ಮೈಸೂರು ವಿಶ್ವವಿದ್ಯಾನಿಲಯವನ್ನು ನಿದರ್ಶನವಾಗಿ ತೆಗೆದುಕೊಂಡು, ಕನ್ನಡ ವ್ಯಾಸಂಗದ ದೃಷ್ಟಿಯಿಂದ ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡಿದೆ.

ಈ ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ೧೯೧೬ರಲ್ಲಿ ಸ್ಥಾಪಿತವಾಯಿತು. ಕನ್ನಡದ ಎಂ.ಎ. ತರಗತಿ ಮಹಾರಾಜಾ ಕಾಲೇಜಿನಲ್ಲಿ ಆರಂಭವಾದುದು ೧೯೨೭ರಲ್ಲಿ. ಕನ್ನಡನಾಡಿನ ವಿಶ್ವವಿದ್ಯಾನಿಲಯಕ್ಕೆ ಕನ್ನಡದ ಉನ್ನತ ವ್ಯಾಸಂಗವನ್ನು ಏರ್ಪಡಿಸಲು ೧೧ ವರ್ಷ ಹಿಡಿಯಿತೆಂಬುದು ಆಕ್ಷೇಪಣೀಯವೇ. ಆದರೂ ತರಗತಿ ತೆರೆದಾಗ ಅದನ್ನು ನಡೆಯಿಸಲು ಟಿ. ಎಸ್. ವೆಂಕಣ್ಣಯ್ಯನವರಂತಹ ಅಧ್ಯಾಪಕರಿದ್ದರು, ಮೊದಲ ವರ್ಷಗಳಲ್ಲಿ ಕಲಿತವರಲ್ಲಿ ಡಿ. ಎಲ್. ನರಸಿಂಹಾಚಾರ್ಯರೂ ಕುವೆಂಪು ಅವರೂ ಇದ್ದರು. ಕಲಿತವರು ಅದೇ ಪೀಠದಲ್ಲಿ ಕಲಿಸುವವರಾದರು. ಗ್ರಂಥಸಂಪಾದನೆ, ಛಂದಸ್ಸು, ಕಾವ್ಯಮೀಮಾಂಸೆಗಳ ವ್ಯಾಸಂಗವು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಕೈಯಿಂದ ಕೈಗೆ ಸಾಗಿತು.

ಇದಕ್ಕೂ ಹಿಂದಿನ ಮತ್ತೊಂದು ಸಂಗತಿ ಗಮನಾರ್ಹವಾದುದು. 'ಪ್ರಬುದ್ಧ ಕರ್ಣಾಟಕ' ಹುಟ್ಟಿದುದು ೧೯೧೯ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ, ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರದ್ಧೆಯಿಂದ. ಅದು ಯಾವ ಸಮಿತಿಯ ಯೋಜನೆಯ ಫಲವೂ ಅಲ್ಲ. ಪಂಡಿತರಾದ ಅಧ್ಯಾಪಕರು ಎಳೆಯ ವಿದ್ಯಾರ್ಥಿಗಳೊಡನೆ ದಿನವೂ ಬೆರೆಯುತ್ತಿದ್ದ ಕಾಲೇಜಿನಲ್ಲಿ ಅದು ತಾನಾಗಿ ಬೆಳೆದು, ಮುಂದೆ ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ವಿಶ್ವವಿದ್ಯಾನಿಲಯವು ೧೯೪೬ರಲ್ಲಿ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟುವಿನ ಹಿಂದೆಯೂ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬೇಕೆಂಬ ಹಂಬಲವಿದ್ದಿತು. ತರಗತಿಯ ಕಷ್ಟವನ್ನು ಬಲ್ಲವರಿಗೆ ಅಂತಹ ಗ್ರಂಥದ ಅವಶ್ಯಕತೆಯನ್ನು ವಿವರಿಸಬೇಕಾಗಿರಲಿಲ್ಲ.

ಕುವೆಂಪು ಅವರು ೧೯೫೬ರಿಂದ ೧೯೬೦ರವರೆಗೆ ಉಪಕುಲಪತಿಗಳಾಗಿದ್ದರು. ಆ ವಿಶ್ವವಿದ್ಯಾನಿಲಯದಲ್ಲಿಯೇ ಓದಿ ಆ ಪದವಿಗೇರಿದವರಲ್ಲಿ ಅವರೇ ಮೊದಲಿಗರು. ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗವೆಂಬ ಮೂರು ಅಂಗಗಳ ಅವರ ಕಲ್ಪನೆಯಲ್ಲಿ ದೀರ್ಘದೃಷ್ಟಿಯಿದೆಯೆಂಬುದು ನಿರ್ವಿವಾದ. ಮೊದಲೇ ನಡೆಯುತ್ತಿದ್ದ ಪ್ರಚಾರೋಪನ್ಯಾಸಗಳ ಕಾರ್ಯವು ೧೯೫೭ರ ಪ್ರಸಾರಾಂಗದಿಂದ ವಿಸ್ತಾರಗೊಂಡಿತು. ೧೯೬೬ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಏರ್ಪಟ್ಟಿತು. ೧೯೬೯ರಲ್ಲಿ ಕನ್ನಡ ವಿಶ್ವಕೋಶದ ಮೊದಲನೆಯ ಸಂಪುಟ ಹೊರಬಿದ್ದು, ಕೋಶವು ೧೪ ಸಂಪುಟಗಳಿಗೆ ಬೆಳೆಯಿತು. ಒಬ್ಬರ ಅಧಿಕಾರಾವಧಿಯಲ್ಲಿ ಮುಗಿಯಲಾರದ ಕಾರ್ಯವನ್ನು ಕೈಗೆತ್ತಿಕೊಳ್ಳುವ ಧೈರ್ಯವು ಆ ಯೋಜನೆಯ ನಿಜವಾದ ಗುಣ.

ಅದೇ ಯೋಜನೆಯಲ್ಲಿ ಒಂದು ದೋಷವೂ ಅಡಗಿತ್ತೆಂದು ನಮ್ಮ ಅಭಿಪ್ರಾಯ. ೧೯೬೦ರಲ್ಲಿ ಮಾನಸಗಂಗೋತ್ರಿ ಆರಂಭವಾಯಿತು. ಸ್ನಾತಕೋತ್ತರ ವ್ಯಾಸಂಗವೆಲ್ಲವೂ ಒಂದೆಡೆ ನೆಲೆಗೊಳ್ಳುವಂತಾಯಿತು. ಇದಕ್ಕೆ ಪ್ರಬಲವಾದ ಕಾರಣಗಳಿದ್ದುವು. ಮೈಸೂರು ಬೆಂಗಳೂರುಗಳೆರಡರಲ್ಲಿ ಹಂಚಿಹೋಗಿದ್ದ ವಿಷಯಗಳು ಒಂದೆಡೆ ಸೇರಬೇಕಾಗಿತ್ತು. ದೊಡ್ಡ ಪುಸ್ತಕಭಂಡಾರವೂ ಪ್ರಯೋಗಶಾಲೆಗಳೂ ಬೇಕಾಗಿದ್ದುವು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಬೇರೆಯಾಗಿ ಸೆಂಟ್ರಲ್ ಕಾಲೇಜು ಅದಕ್ಕೆ ಸೇರಿಹೋದಾಗ ಈ ಮುನ್ನೆಚ್ಚರಿಕೆಯ ಬೆಲೆ ಎಲ್ಲರಿಗೂ ತಿಳಿಯಿತು. ಆದರೆ ಕೂಡಿಸುವುದಕ್ಕೆಂದು ಮಾಡಿದ ಏರ್ಪಾಡಿನಿಂದಲೇ ಒಂದು ಅಗಲಿಕೆ ಉಂಟಾಯಿತು. ಪಂಪ ರನ್ನರನ್ನು ಆಳವಾಗಿ ಬಲ್ಲ ಪ್ರಾಧ್ಯಾಪಕರು ಮೊದಲ ವರ್ಷದ ಪದವಿ ವಿದ್ಯಾರ್ಥಿಗೆ ದೂರವಾದರು. ಕಾಲೇಜಿನ ಅಧ್ಯಾಪಕರು ಸಂಶೋಧನೆಗೆ ಹೊರಗಿನವರಾದರು. ಪಠ್ಯಕ್ರಮವನ್ನು ನಿರ್ಣಯಿಸುವ ಮಂಡಲಿಯನ್ನು ಮುನ್ನಡೆಸುವವರೊಬ್ಬರು, ಅದನ್ನು ತರಗತಿಯಲ್ಲಿ ಹೊತ್ತು ನಡೆಯಿಸುವವರು ಇನ್ನೊಬ್ಬರು ಎಂಬಂತಾಯಿತು. ಗಂಗೋತ್ರಿಯೆಂಬುದು ಒಪ್ಪುವ ಹೆಸರೇ ಸರಿ. ಆದರೆ ನದಿ ಹರಿಯಬೇಕಾದರೆ ಉಗಮದ ಮೇಲೆ ಹಿಮ ಬೀಳುತ್ತಲೇ ಇರಬೇಕಷ್ಟೆ. ಆ ಹಿಮ ಬೀಳುತ್ತಿದ್ದುದು ಪದವಿ ಕಾಲೇಜುಗಳಲ್ಲಿ.

ಅನಂತರದ ವಿಶ್ವವಿದ್ಯಾನಿಲಯಗಳು ಈ ಮಾದರಿಯನ್ನು ಪುನರ್ವಿಮರ್ಶೆ ಮಾಡದೆ ಅಂಗೀಕರಿಸಿದುವು. ೧೯೬೮ರ ಕೊಣಾಜೆಯ ಸ್ನಾತಕೋತ್ತರ ಕೇಂದ್ರವು ೧೯೮೦ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅದರ ಆವರಣಕ್ಕೆ ಮಂಗಳಗಂಗೋತ್ರಿಯೆಂಬ ಹೆಸರು ಬಂದುದು ಕೇವಲ ಆಕಸ್ಮಿಕವಲ್ಲ. ಹೆಸರಿನೊಡನೆ ರಚನೆಯೂ ಬಂದಿತು. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು ಸಂಶೋಧನೆಯನ್ನೇ ಮುಖ್ಯೋದ್ದೇಶವಾಗಿ ಇಟ್ಟುಕೊಂಡು ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಅದರ ಪ್ರಕಟನೆಗಳ ಮೌಲ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಗ್ರಂಥಗಳನ್ನು ಓದಬಲ್ಲ ಮುಂದಿನ ತಲೆಮಾರನ್ನು ಎಲ್ಲಿ ಬೆಳೆಸಬೇಕೆಂಬ ಪ್ರಶ್ನೆ ಉಳಿದೇ ಇದೆ.

ಕಾಲೇಜುಗಳು ಅಸಂಖ್ಯಾತವಾಗಿರುವ ಈ ಕಾಲಕ್ಕೆ ೧೯೨೭ರ ಸಣ್ಣ ಬಳಗದ ಪದ್ಧತಿ ಹೇಗೆ ಹೊಂದೀತೆಂದು ಕೇಳಬಹುದು. ಹಿಂದಿನದನ್ನು ಯಥಾವತ್ತಾಗಿ ತರಬೇಕೆಂಬುದು ನಮ್ಮ ವಾದವಲ್ಲ. ಸಂಖ್ಯೆ ಹೆಚ್ಚಿದಷ್ಟೂ ಸಂಬಂಧವನ್ನು ಬುದ್ಧಿಪೂರ್ವಕವಾಗಿ ಏರ್ಪಡಿಸಬೇಕಾಗುತ್ತದೆ. ಯೋಜನೆ ಬೇಕಾದುದೇ ಅದಕ್ಕಾಗಿ.

ಈಚಿನ ಯೋಜನೆಗಳಿಗೆ ಕಾಲದ ಪರಿಮಿತಿಯ ಮತ್ತೊಂದು ಕೊರತೆ ಅಂಟಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಂದು ಸಂಸ್ಥೆಯೂ ತನ್ನ ಅಭಿವೃದ್ಧಿ ಯೋಜನೆಯನ್ನು ರಚಿಸಬೇಕೆಂದೂ ಕಾಲೇಜುಗಳ ಸಂಯೋಜನಾ ಪದ್ಧತಿಯನ್ನು ೧೫ ವರ್ಷಗಳಲ್ಲಿ ಕ್ರಮೇಣ ನಿಲ್ಲಿಸಬೇಕೆಂದೂ ಹೇಳಿತು. ಕರ್ಣಾಟಕದಲ್ಲಿ ಆ ನೀತಿಯ ನಾಲ್ಕು ವರ್ಷದ ಪದವಿಕ್ರಮವು ೨೦೨೧ರಲ್ಲಿ ಆರಂಭವಾಗಿ, ಮೊದಲನೆಯ ತಂಡವು ನಾಲ್ಕು ವರ್ಷ ಪೂರೈಸುವ ಮುನ್ನವೇ, ೨೦೨೪ರಲ್ಲಿ ರದ್ದಾಯಿತು. ಆ ಕ್ರಮದ ಗುಣದೋಷಗಳು ಏನೇ ಇರಲಿ, ಒಂದು ತಂಡದ ವ್ಯಾಸಂಗದಷ್ಟು ಕಾಲವೂ ನಿಲ್ಲದ ಏರ್ಪಾಡನ್ನು ದೀರ್ಘಕಾಲಿಕವೆಂದು ಕರೆಯಲಾಗದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲನೆಯ ಸಂಪುಟ ೧೯೭೦ರಲ್ಲಿಯೂ ಎಂಟನೆಯದು ೧೯೯೫ರಲ್ಲಿಯೂ ಪ್ರಕಟವಾದುವು. ವಿದ್ಯಾಕಾರ್ಯದ ಕಾಲಮಾನ ಇದು.

ಆದುದರಿಂದ ಮುಂದಿನ ಯಾವ ವಿದ್ಯಾಯೋಜನೆಯಲ್ಲಿಯೂ ಮೂರು ಅಂಶಗಳಿರುವುದು ಯುಕ್ತ. ಸ್ನಾತಕೋತ್ತರ ವಿಭಾಗದ ಪ್ರತಿಯೊಬ್ಬ ಅಧ್ಯಾಪಕರೂ ವರ್ಷಕ್ಕೆ ಒಂದು ಪದವಿ ತರಗತಿಯನ್ನಾದರೂ ತೆಗೆದುಕೊಳ್ಳಬೇಕು. ಕೋಶ, ಶಾಸನ, ಗ್ರಂಥಸಂಪಾದನೆಗಳ ಕಾರ್ಯದಲ್ಲಿ ಕಾಲೇಜು ಅಧ್ಯಾಪಕರಿಗೆ ಸಂಬಳಸಹಿತವಾದ ಬಿಡುವಿನೊಡನೆ ಪಾಲು ದೊರೆಯಬೇಕು. ಹಿರಿಯ ಸಂಪಾದಕರು ನಿವೃತ್ತರಾಗುವುದಕ್ಕೆ ಐದು ವರ್ಷ ಮುಂಚೆಯೇ ಅವರ ಉತ್ತರಾಧಿಕಾರಿ ಜೊತೆಯಲ್ಲಿ ಕೆಲಸಮಾಡುತ್ತಿರಬೇಕು. ಇವುಗಳಿಗೆ ಹೊಸ ಆವರಣವೂ ಬೇಡ, ಹೊಸ ಹೆಸರೂ ಬೇಡ. ಹಳಗನ್ನಡದ ಓಲೆಪ್ರತಿಯನ್ನು ಓದಬಲ್ಲವರು ಪ್ರತಿ ತಲೆಮಾರಿನಲ್ಲಿಯೂ ಕೆಲವರಾದರೂ ಇರಬೇಕಾದರೆ, ಅವರನ್ನು ಸಿದ್ಧಗೊಳಿಸುವ ಕೆಲಸವು ಹದಿನೆಂಟನೆಯ ವಯಸ್ಸಿನ ತರಗತಿಯಿಂದಲೇ ಮೊದಲಾಗಬೇಕೆಂಬುದನ್ನು ಯೋಜನೆ ರಚಿಸುವ ವಿದ್ವಾಂಸರು ಪರ್ಯಾಲೋಚಿಸಬೇಕೆಂದು ಕೋರುತ್ತೇವೆ.