ಬಿಟ್ಟರೆ ನಿಲ್ಲುವ ಯಂತ್ರ, ಬಿಡಲಾಗದ ಕೈ

ನೆಲ ಉಜ್ಜುವ ಕರೆಂಟ್ ಯಂತ್ರದ ಸುರಕ್ಷತೆಯ ಮಾತು ಬಂದಾಗಲೆಲ್ಲ ಮಾರುವವರೂ ಕೊಳ್ಳುವವರೂ ಮೊದಲು ಹೊಗಳುವುದು ಹಿಡಿಕೆಯ ಸ್ವಿಚ್ಚನ್ನು. ಹೆಬ್ಬೆರಳಲ್ಲಿ ಗುಂಡಿ ಒತ್ತದೆ ಲಿವರ್ ಕೂರದು. ಲಿವರ್ ಬಿಟ್ಟರೆ ಮೋಟಾರು ನಿಲ್ಲುತ್ತದೆ. ಜಾಣ ಏರ್ಪಾಡೇ, ಒಪ್ಪೋಣ. ನಿಮಿಷಕ್ಕೆ ನೂರೈವತ್ತು ಸುತ್ತು ತಿರುಗುವ ಒಂಟಿ ಬ್ರಷ್ಷಿನ ಯಂತ್ರ ಹಿಡಿತ ತಪ್ಪಿದರೆ ಹಿಡಿಕೆಯೇ ಗಿರ್ರನೆ ಬೀಸಿ ಬಡಿಯುತ್ತದೆ; ಆ ಪೆಟ್ಟನ್ನು ಸ್ವಿಚ್ಚು ತಪ್ಪಿಸುತ್ತದೆ. ಅದರ ಕೀರ್ತಿ ಅಲ್ಲಿಗೇ ನಿಲ್ಲಬೇಕಿತ್ತು. ಸೋಪಿನ ನೀರು, ಬರಿಗಾಲು, 230 ವೋಲ್ಟ್ ಒಂದೇ ಕಡೆ ಸೇರುವ ಈ ಕೆಲಸದಲ್ಲಿ ಪೆಟ್ಟಿಗಿಂತ ದೊಡ್ಡ ಭಯ ಶಾಕಿನದು. ಕೈಯಲ್ಲಿ ಹರಿಯುವ ಕರೆಂಟು ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯು ಸೆಟೆದು ಬೆರಳು ಮುಚ್ಚಿಕೊಳ್ಳುತ್ತವೆ. ಹಿಡಿದವರು ಬಿಡಬೇಕೆಂದರೂ ಬಿಡಲಾಗದ ಆ ಹೊತ್ತಿನಲ್ಲಿ ಲಿವರ್ ಒತ್ತಿಕೊಂಡೇ ಇರುತ್ತದೆ, ಯಂತ್ರ ಓಡುತ್ತಲೇ ಇರುತ್ತದೆ. ಇನ್ನು ವೈರು ಹಿಡಿಕೆಯೊಳಗೆ ಹೋಗುವ ಜಾಗದಲ್ಲಿ, ಸ್ವಿಚ್ಚಿಗಿಂತ ಮೊದಲೇ, ಸವೆದು ಕಬ್ಬಿಣಕ್ಕೆ ತಗುಲಿದ್ದರೆ ಲಿವರ್ ಬಿಟ್ಟೂ ಪ್ರಯೋಜನವಿಲ್ಲ.

ಅದಕ್ಕೇ ಅರ್ಥಿಂಗ್ ಇದೆ, ಕರೆಂಟು ಮಿತಿಮೀರಿದರೆ ಬೀಳುವ ಎಂಸಿಬಿ ಇದೆ ಎನ್ನುವವರು ಮಧುಗಿರಿ, ಪಾವಗಡದಂಥ ಸೀಮೆಯ ನೆಲವನ್ನು ಮರೆತಿದ್ದಾರೆ. ಕೆಳಗೆ ಬಂಡೆ, ಮೇಲೆ ತೆಳ್ಳನೆ ಮಣ್ಣು, ಅದೂ ವರ್ಷದ ಬಹುಪಾಲು ಒಣ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಬೀಳದಿದ್ದರೆ ಅದರ ರೋಧ ಏರುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಡಿಯೂ ಸೇರಿ ದಾರಿಯ ಒಟ್ಟು ರೋಧ 10 ಓಮ್ ಎಂದಿಟ್ಟುಕೊಳ್ಳಿ; ಈ ಸೀಮೆಗೆ ಇದು ಉದಾರ ಲೆಕ್ಕವೇ. ಸೋರುವ ಕರೆಂಟು 23 ಆಂಪಿಯರ್. 16 ಆಂಪಿಯರಿನ ಎಂಸಿಬಿ ಒಂದು ಗಂಟೆಯೊಳಗೆ ಬೀಳಲೇಬೇಕಾದ ಮಿತಿ 1.45 ಪಟ್ಟು, ಅಂದರೆ 23.2. ಮೋಟಾರಿನ ಪಾಲು ಕೂಡಿದರೂ ಕ್ಷಣದಲ್ಲಿ ಬೀಳುವುದಿಲ್ಲ. ಅಷ್ಟು ಹೊತ್ತೂ ಯಂತ್ರದ ಮೈಯಲ್ಲಿ ಕರೆಂಟು. ಅದೇ ಕರೆಂಟು ಸೋರಿದ್ದನ್ನು ಗುರುತಿಸಿ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಗೆ ಅರ್ಥಿಂಗ್ ಗುಂಡಿ ಕೆಟ್ಟರೂ ಚಿಂತೆಯಿಲ್ಲ: ರೋಧ 1000 ಓಮಿಗೆ ಏರಿದರೂ 230 ಮಿಲಿ ಆಂಪಿಯರ್ ಸೋರುತ್ತದೆ, ಅದು ಬೀಳಲು ಬೇಕಾದ್ದಕ್ಕಿಂತ ಏಳು ಪಟ್ಟು ಹೆಚ್ಚು. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಯಲಾರದು, ನಿಜ. ಇಷ್ಟಾಗಿಯೂ ಮಾರಾಟದ ಕರಪತ್ರದಲ್ಲಿ ಲಿವರಿಗೆ ಸಿಗುವ ಜಾಗ ಇದಕ್ಕಿಲ್ಲ.

ಕೆಲಸದವರಿಗೆ ತರಬೇತಿ ಸಾಲದು ಎಂಬುದು ಇನ್ನೊಂದು ಬಳಗದ ಹಾಡು. ಬೂಟು ಹಾಕಲಿ, ವೈರು ಹೆಗಲ ಮೇಲಿರಲಿ ಎನ್ನುತ್ತಾರೆ. ಹಾಗೇ ಇರಲಿ, ಆದರೆ ಕಟ್ಟಡದ ಹಿಂದಿನ ಗುಂಡಿ ಒಣಗಿದೆಯೆಂದು ನೆಲ ಉಜ್ಜುವಾಕೆಗೆ ಯಾವ ತರಬೇತಿ ತೋರಿಸಿಕೊಡುತ್ತದೆ? ಹೊರಗುತ್ತಿಗೆಯಲ್ಲಿ ಯಂತ್ರ ಗುತ್ತಿಗೆದಾರನದು, ಗೋಡೆಯ ಸಾಕೆಟ್ಟು ಆಸ್ಪತ್ರೆಯದೋ ಛತ್ರದ ಮಾಲೀಕನದೋ. ಶಾಕ್ ಹೊಡೆದ ದಿನ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರುತ್ತಾರೆ, ತಪ್ಪು ಕೊನೆಗೆ ಬರಿಗಾಲಿನದಾಗುತ್ತದೆ. ತರಬೇತಿವಾದ ಈ ಜಾರಿಕೆಗೆ ಒಳ್ಳೆ ಊರುಗೋಲು. ಅದಕ್ಕಾಗಿಯೇ ಆರ್‌ಸಿಸಿಬಿಯಂಥ ಕಾವಲು ಗೋಡೆಯಲ್ಲಷ್ಟೇ ಅಲ್ಲ, ಯಂತ್ರದ ಪ್ಲಗ್ಗಿನಲ್ಲೇ ಇರಬೇಕು. ಅಂಥ ಪ್ಲಗ್ಗುಗಳು ಇವೆ, ಯಂತ್ರ ಹೋದಲ್ಲಿಗೆ ಕಾವಲೂ ಹೋಗುತ್ತದೆ. 24 ವೋಲ್ಟಿನ ಬ್ಯಾಟರಿ ಯಂತ್ರ ಇನ್ನೂ ಮೇಲು, ಆದರೆ ಬೆಲೆ ನೋಡಿ ಸಣ್ಣ ಛತ್ರದವರು ಒಂಟಿ ಬ್ರಷ್ಷಿಗೇ ಮರಳುತ್ತಾರೆ. ಆರ್‌ಸಿಸಿಬಿ ಪದೇ ಪದೇ ಬಿದ್ದು ಕೆಲಸ ಕೆಡಿಸುತ್ತದೆ ಎಂಬ ದೂರು ಉಳಿಯಿತು. ಹಾಗೆ ಬೀಳುವುದೆಂದರೆ ಬಹುಮಟ್ಟಿಗೆ ವೈರೋ ಮೋಟಾರೋ ಸೋರುತ್ತಿದೆ ಎಂದೇ. ಆ ಕಾವಲನ್ನು ತಪ್ಪಿಸಿ ನೇರ ಲೈನು ಎಳೆದುಕೊಡುವ ಎಲೆಕ್ಟ್ರಿಷಿಯನ್ನನ್ನು ಕರೆಸುವ ಬದಲು ಯಂತ್ರವನ್ನು ರಿಪೇರಿಗೆ ಕಳಿಸಬೇಕು.