ಆಟದ ಮನೆಗೆ ಎಂಥಾ ಮಾಡು?

ನನ್ನ ಗೆಳೆಯರ ಪೈಕಿ ನಾಲ್ಕು ಜನ ಕಳೆದ ಎರಡು ವರ್ಷದಲ್ಲಿ ಮಕ್ಕಳಿಗೆ ಅಂತ ಆಟದ ಮನೆ ಕಟ್ಟಿದ್ದಾರೆ. ಹಳೇ ಪ್ಯಾಲೆಟ್ ಹಲಗೆ, ಒಂದು ಡ್ರಿಲ್ಲು, ಯೂಟ್ಯೂಬು, ನಾಲ್ಕೈದು ವೀಕೆಂಡು. ಗೋಡೆ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಥರ. ಬೇರೆಯಾಗೋದು ಚಾವಣಿಯಲ್ಲಿ. ನಮ್ಮೂರ ಕಡೆ ಅದಕ್ಕೆ ಮಾಡು ಅಂತೀವಿ. ನಾಲ್ಕೂ ಮನೆಯೊಳಗೆ ಮೊಣಕಾಲು ಮಡಚಿ ಕೂತು ಬಂದಿದ್ದೀನಿ. ಹಾಗಾಗಿ ಸಿನಿಮಾಕ್ಕೆ ಬರೆಯೋ ಹಾಗೆ ಇವಕ್ಕೂ ಒಂದು ವಿಮರ್ಶೆ. ಸ್ಟಾರು ಕೊಡೋದಿಲ್ಲ.

ಅಳತೆಗೋಲು ಒಂದೇ. ಹೊರಗೆ ನಿಂತು ಫೋಟೋ ತೆಗೆಯೋ ಅಪ್ಪನಿಗೆ ಕಾಣೋದು ಮಾಡಿನ ಬೆನ್ನು. ಒಳಗೆ ಕೂತ ಮಗುವಿಗೆ ಸಿಗೋದು ಅದರ ಹೊಟ್ಟೆ. ನಾನು ನೋಡಿದ್ದು ಹೊಟ್ಟೆಯನ್ನ.

ಮೊದಲನೆಯದು ಪಾಲಿಕಾರ್ಬೊನೇಟ್ ಶೀಟು. ಹಗುರ, ಒಡೆಯಲ್ಲ, ಒಳಗೆಲ್ಲ ಹಾಲಿನಂಥ ಬೆಳಕು. ಆದರೆ ಬೆಳಕಿನ ಜೊತೆ ಒಳಬಂದ ಶಾಖ ಹೊರಗೆ ಹೋಗೋಕೆ ದಾರಿ ಇಲ್ಲ. ಮಾರ್ಚ್ ತಿಂಗಳ ಹನ್ನೊಂದು ಗಂಟೆಗೆ ಅದರೊಳಗೆ ಇಡ್ಲಿ ಬೇಯಿಸಬಹುದು. ಕೂರಿಸೋರು ಗಮನಿಸಬೇಕಾದ್ದು ಇನ್ನೊಂದಿದೆ. ಸಾಮಾನ್ಯವಾಗಿ ಇದಕ್ಕೆ ಬಿಸಿಲು ತಡೆಯೋ ಲೇಪ ಇರೋದು ಒಂದೇ ಮಗ್ಗುಲಿಗೆ. ಆ ಮಗ್ಗುಲು ಆಕಾಶಕ್ಕೆ ಇರಬೇಕು. ಉಲ್ಟಾ ಹಾಕಿದ್ರೆ ಹಳದಿಯಾಗಿ, ಹಪ್ಪಳದ ಥರ ಮುರಿಯುತ್ತೆ.

ಎರಡನೆಯದು ಬಣ್ಣದ ತಗಡು. ಹಗುರ, ಸೋರೋದಿಲ್ಲ. ಜೋರು ಮಳೆ ಬಂದ್ರೆ ಒಳಗಿದ್ದವರಿಗೆ ಮಾತು ಕೇಳಿಸಲ್ಲ. ದೊಡ್ಡವರು ಇದನ್ನ ದೋಷ ಅಂತಾರೆ, ಮಕ್ಕಳು ಅದಕ್ಕೆ ಅಂತಲೇ ಒಳಗೆ ಓಡ್ತಾರೆ. ನಿಜವಾದ ದೋಷ ಅಂಚಿನದ್ದು. ದೊಡ್ಡ ಮನೆಯ ಸೂರು ತಲೆಯಿಂದ ಮೇಲಿರುತ್ತೆ. ಆಟದ ಮನೆಯ ಸೂರು ನಾಲ್ಕಡಿ ಎತ್ತರದಲ್ಲಿ, ಸರಿಯಾಗಿ ಓಡಿ ಬರೋ ಮಗುವಿನ ಹಣೆ ಮಟ್ಟಕ್ಕೆ ಇರುತ್ತೆ. ಕತ್ತರಿಸಿದ ತಗಡಿನ ಅಂಚು ಚೂರಿಯೇ. ರಬ್ಬರ್ ಬೀಡಿಂಗ್ ಸಿಕ್ಕಿಸದೆ ಬಿಡಬಾರದು.

ಮೂರನೆಯದು ಮಂಗಳೂರು ಹೆಂಚು. ಇಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ಸೋಗೆ ಮಾಡಿನ ಕೊಟ್ಟಿಗೆ, ಹೆಂಚಿನ ಮನೆ, ಇವೆರಡರ ನಡುವೆ ಬೆಳೆದವನು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹಬ್ಬಿದ ಈ ಹೆಂಚು ಇವತ್ತಿಗೂ ತಂಪೇ. ಆದರೂ ಇಲ್ಲಿ ಫೇಲು. ನಾಲ್ಕಡಿಗೆ ಆರಡಿ ಮನೆ ಅಂದ್ರೂ ಸೂರು ಸೇರಿ ಐವತ್ತು ಹೆಂಚು ಬೇಕು. ಒಂದೊಂದು ಎರಡು, ಮೂರು ಕೇಜಿ ತೂಗುತ್ತೆ. ಅಂದ್ರೆ ನೂರು ಕೇಜಿಗೂ ಮೇಲೆ. ಊರಲ್ಲಿ ಅದನ್ನ ಹೊರೋಕೆ ಪಕಾಸಿ, ರೀಪು ಇದ್ದವು. ಪ್ಯಾಲೆಟ್ ಗೋಡೆಗೆ ಆ ತಾಕತ್ತಿಲ್ಲ. ಕ್ರಿಕೆಟ್ ಚೆಂಡು ಬಿದ್ದು ಒಂದು ಹೆಂಚು ಒಡೆದ್ರೆ ಚೂರು ಬೀಳೋದು ಮಗುವಿನ ತಲೆ ಮೇಲೆ. ಹೆಂಚಿನ ಮನೆಯಿಂದ ಕದಿಯಬೇಕಾದ್ದು ಒಂದಿದೆ: ಗಾಜಿನ ಹೆಂಚು. ಕತ್ತಲ ಮಾಡಲ್ಲಿ ಒಂದೇ ಒಂದು ಬೆಳಕಿನ ಕೋಲು, ಅದರಲ್ಲಿ ಏಳೋ ಧೂಳು. ಆಟದ ಮನೆಗೆ ಅಂಗೈ ಅಗಲದ ಪಾಲಿಕಾರ್ಬೊನೇಟ್ ತುಂಡು ಆ ಕೆಲಸ ಮಾಡುತ್ತೆ.

ನಾಲ್ಕನೆಯದು ಸಿಮೆಂಟ್ ಶೀಟು. ಅಂದ್ರೆ ಆಸ್ಬೆಸ್ಟಾಸ್. ಹಳೇ ಶೆಡ್ಡಿಂದ ಇಳಿಸಿದ್ದು ಮೂಲೇಲಿ ಬಿದ್ದಿತ್ತು. ‘ತಗಡಿಗಿಂತ ತಂಪು ಸಾರ್, ಸದ್ದಿಲ್ಲ, ದುಡ್ಡೂ ಇಲ್ಲ’ ಅಂದ್ರಂತೆ ಬಡಗಿ. ಮೂರೂ ಮಾತು ನಿಜ. ಆದರೆ ಕೊಯ್ದಾಗ, ತೂತು ಹೊಡೆದಾಗ, ಒಡೆದಾಗ, ಹಳತಾಗಿ ಉದುರಿದಾಗ ಇದರ ನಾರು ಧೂಳಾಗಿ ಎದ್ದು ಉಸಿರಿಗೆ ಸೇರುತ್ತೆ. ಎಲ್ಲಾ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಐವತ್ತಕ್ಕೂ ಹೆಚ್ಚು ದೇಶಗಳು ನಿಷೇಧಿಸಿವೆ. ನಮ್ಮಲ್ಲಿ ಹೊರಗಿಂದ ತರಿಸಿ ಶೀಟು ಮಾಡ್ತಾನೇ ಇದ್ದೀವಿ. ಕಾಯಿಲೆ ಕಾಣೋಕೆ ಇಪ್ಪತ್ತು, ಮೂವತ್ತು ವರ್ಷ ಬೇಕು. ಐದು ವರ್ಷದ ಮಗುವಿನ ಮುಂದೆ ಅಷ್ಟು ವರ್ಷ ಧಾರಾಳವಾಗಿ ಇದೆ. ಆಟದ ಮನೆ ಅಂದ್ರೆ ಶೀಟು ಕೊಯ್ಯಲೇಬೇಕು, ಚೆಂಡು ಬೀಳಲೇಬೇಕು, ಯಾರಾದರೂ ಮೇಲೆ ಹತ್ತಲೇಬೇಕು. ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ.

ನನ್ನ ಓಟು: ಕೆಳಗೆ ನೀರು ತಡೆಯೋ ಪ್ಲೈವುಡ್ಡು, ಮೇಲೆ ತಗಡು, ಅಂಚಿಗೆ ಬೀಡಿಂಗ್, ಎತ್ತರದಲ್ಲಿ ಗಾಳಿಗೊಂದು ಸಂದು. ಪ್ಲೈವುಡ್ಡು ಶಾಖ ತಡೆಯುತ್ತೆ, ಸ್ಕ್ರೂ ಮೊನೆ ಮುಚ್ಚುತ್ತೆ, ಮಳೆ ಸದ್ದನ್ನ ಪೂರ್ತಿ ಕೊಲ್ಲದೆ ಸ್ವಲ್ಪ ತಗ್ಗಿಸುತ್ತೆ.

ವಿಮರ್ಶೆ ಇಲ್ಲಿಗೆ ಮುಗೀಬೇಕಿತ್ತು. ಆದರೆ ಆ ನಾಲ್ಕನೇ ಗೆಳೆಯ ವಿಷಯ ಗೊತ್ತಾದ ಮೇಲೆ ಶೀಟು ಇಳಿಸಿದ. ಎಲ್ಲಿ ಹಾಕಿದೆ ಮಾರಾಯ ಅಂತ ಕೇಳಿದೆ. ವಾಚ್‌ಮನ್ ಕೇಳಿದ್ರಂತೆ, ಅವರ ಶೆಡ್ಡು ಸೋರ್ತಿತ್ತಂತೆ, ಕೊಟ್ಟನಂತೆ. ಅಲ್ಲೂ ಒಂದು ಐದು ವರ್ಷದ ಹುಡುಗಿ ಇದ್ದಾಳೆ. ಗೆಳೆಯನ ಮಗಳು ತನ್ನ ಮಾಡಿನ ಕೆಳಗೆ ದಿನಕ್ಕೆ ಅರ್ಧ ಗಂಟೆ ಆಡ್ತಾಳೆ. ಇವಳು ಇಡೀ ರಾತ್ರಿ ಮಲಗ್ತಾಳೆ.

ಗೆಳೆಯ ಕೆಟ್ಟವನಲ್ಲ. ಇಪ್ಪತ್ತನಾಲ್ಕು ಚದರಡಿ ಆಟದ ಮನೆಗೆ ಮೂರು ವಾರ ಗೂಗಲ್ ಮಾಡಿದವನು, ಪಕ್ಕದ ನಿಜವಾದ ಮನೆಗೆ ಮೂರು ನಿಮಿಷ ಕೊಡಲಿಲ್ಲ, ಅಷ್ಟೇ. ನಮ್ಮಲ್ಲಿ ಬಹಳ ಜನರ ಲೆಕ್ಕಾಚಾರ ಹೀಗೇ ಇದೆ. ಆ ಶೆಡ್ಡಿಗೂ ತಗಡು, ಪ್ಲೈವುಡ್ಡು ಹಾಕಿಸು, ಶೀಟನ್ನ ಒಡೆಯದೆ, ನೀರು ಹಾಕಿ ನೆನೆಸಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಲ್ಲಿ ಸುತ್ತಿಡು, ಇನ್ಯಾರಿಗೂ ಕೊಡಬೇಡ ಅಂದಿದ್ದೀನಿ. ಸದ್ಯಕ್ಕೆ ತಗಡಿನ ರೇಟು ವಿಚಾರಿಸ್ತಿದ್ದಾನೆ.